ಕಡತದಿಂದ ಕ್ಲೌಡ್‌ವರೆಗೆ: ಅಳಿಸುವ ಕೈ ಯಾರದು?

ಹೋದ ವರ್ಷ ಸುಮಾರು ನಾಲ್ಕು ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ನಾನು ಬೆಂಗಳೂರಿನ ವಿಜಯನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಇರುತ್ತಿದ್ದೆ. ಕೆಳಗೆ ದರ್ಶಿನಿ, ನಡುವೆ ಹೊಲಿಗೆ ತರಬೇತಿ, ಮೇಲೆ ನಮ್ಮ ತರಗತಿ. ‘ಕ್ಲೌಡ್ ಅಕೌಂಟಿಂಗ್, ಜಿಎಸ್‌ಟಿ, ಅಡ್ವಾನ್ಸ್ಡ್ ಎಕ್ಸೆಲ್, ಆ್ಯಪ್ ಇಂಟಿಗ್ರೇಷನ್’ ಎಂದು ಬಾಗಿಲ ಮೇಲೆ ಫ್ಲೆಕ್ಸ್ ಹಾಕಿದ್ದರು. ಇಪ್ಪತ್ತೆರಡು ಜನರಲ್ಲಿ ಹದಿನಾರು ಮಂದಿ ಹೆಣ್ಣುಮಕ್ಕಳು. ಹೆಚ್ಚಿನವರು ಬಿ.ಕಾಂ. ಮುಗಿಸಿ ತುಮಕೂರು, ಚಿತ್ರದುರ್ಗ, ಮಂಡ್ಯದ ಕಡೆಯಿಂದ ಬಂದು ಪಿಜಿಗಳಲ್ಲಿ ಇದ್ದವರು.

ಪಿಎಚ್.ಡಿ. ಮಾಡುತ್ತಿರುವ ನನಗೆ ಅಲ್ಲೇನು ಕೆಲಸ ಎಂದು ಅವರೂ ಕೇಳಿದ್ದರು. ಎರಡು ಕಾರಣ ಹೇಳಿದ್ದೆ. ಫೆಲೋಶಿಪ್ ಹಣ ಐದು ತಿಂಗಳಿಂದ ಬಂದಿರಲಿಲ್ಲ, ಲೆಕ್ಕ ಬರೆಯುವ ಅರೆಕಾಲಿಕ ಕೆಲಸವೊಂದು ಸಿಗುವಂತಿತ್ತು, ಅದಕ್ಕೆ ಈ ಕಲಿಕೆ ಬೇಕಿತ್ತು. ಇನ್ನೊಂದು, ನನ್ನ ಸಂಶೋಧನೆಯ ವಿಷಯವೇ ಮಲೆನಾಡಿನ ಹಳೆಯ ಲೆಕ್ಕಪತ್ರಗಳು. ಮೊದಲನೆಯದು ನಿಜವಾದ ಕಾರಣ. ಎರಡನೆಯದು ನನ್ನ ಮರ್ಯಾದೆಗೆ ಕೊಟ್ಟುಕೊಂಡದ್ದು.

ಮೂರನೆಯ ಭಾನುವಾರ ನನ್ನ ಅಭ್ಯಾಸದ ಕಂಪನಿಯ ಲೆಕ್ಕ ಹೊಂದಲಿಲ್ಲ. ಬ್ಯಾಂಕಿನಲ್ಲಿ ಒಂದು ಮೊತ್ತ, ಪರದೆಯಲ್ಲಿ ಇನ್ನೊಂದು. ಮೇಷ್ಟ್ರು ಬಂದು ನೋಡಿ, “ತಲೆ ಕೆಡಿಸ್ಕೋಬೇಡಿ ಮೇಡಂ, ಡಿಲೀಟ್ ಮಾಡಿ ಹೊಸದಾಗಿ ಹಾಕಿ” ಅಂದರು. ಡಿಲೀಟ್ ಮಾಡಿದೆ. ಲೆಕ್ಕ ಹೊಂದಿತು. ಆದರೆ ಅದರ ಹಿಂದಿನ ವಾರವಷ್ಟೇ ತೀರ್ಥಹಳ್ಳಿ ಕಡೆಯ ಒಂದು ಮನೆಯ ಅಟ್ಟದಲ್ಲಿ ನಾನೊಂದು ಹಳೆಯ ಕಡತವನ್ನು ಬಿಡಿಸಿ ನೋಡಿದ್ದೆ. ಕಪ್ಪು ಬಟ್ಟೆಯ ಮಡಿಕೆಗಳ ನಡುವೆ ಒಂದು ಕಡೆ ಅಂಗೈಯಗಲ ಜಾಗ ಖಾಲಿ ಇತ್ತು. ಅಲ್ಲಿ ಯಾರೋ ಏನನ್ನೋ ಬರೆದು ಒರೆಸಿದ್ದರು. ಯಾರು, ಯಾಕೆ ಎಂದು ಹೇಳುವವರು ಈಗ ಯಾರೂ ಇಲ್ಲ. ತರಗತಿಯಲ್ಲಿ ಆ ಗುಂಡಿ ಒತ್ತುವಾಗ ನನಗೆ ಆ ಖಾಲಿ ಜಾಗ ನೆನಪಾಯಿತು.

ಲೆಕ್ಕದ ಚರಿತ್ರೆ ಬರೆದವರು ಸಾಮಾನ್ಯವಾಗಿ ಬರೆಯುವ ಕೈಯನ್ನು ಹಿಂಬಾಲಿಸುತ್ತಾರೆ. ಈ ಬರಹದಲ್ಲಿ ನಾನು ಅಳಿಸುವ ಕೈಯನ್ನು ಹಿಂಬಾಲಿಸಲು ನೋಡುತ್ತೇನೆ.

*

‘ಕಡತ’ ಎಂದರೆ ಇಂದು ನಮಗೆ ಸರ್ಕಾರಿ ಫೈಲು. ‘ಕಡತ ವಿಲೇವಾರಿ’ ಎಂಬ ಮಾತಿಲ್ಲದೆ ನಮ್ಮ ಪತ್ರಿಕೆಗಳ ಒಂದು ವಾರವೂ ಕಳೆಯುವುದಿಲ್ಲ. ಮೂಲದಲ್ಲಿ ಅದು ಬಟ್ಟೆ. ಹತ್ತಿಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಪುಸ್ತಕದಂತೆ ಮಾಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಅವನ ಪ್ರಕಾರ ಪಟ್ಟಿಯ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಅವನು ಗಮನಿಸಿದ ಇನ್ನೊಂದು ಸಂಗತಿ ನನಗೆ ಮುಖ್ಯ. ಇದರ ಮೇಲಿನ ಬರಹ ಬಹುಕಾಲ ಬಾಳುತ್ತದೆ, ಆದರೆ ಬೇಕೆಂದಾಗ ಒರೆಸಿ ಬೇರೆ ಬರೆಯುವುದೂ ಅಷ್ಟೇ ಸುಲಭ.

ಒಂದೇ ವಸ್ತುವಿಗೆ ಈ ಎರಡು ಗುಣ ಇದ್ದದ್ದು ಆಕಸ್ಮಿಕವಲ್ಲ. ವ್ಯಾಪಾರಿಗೆ ಅಳಿಸುವ ಅನುಕೂಲ ಬೇಕಿತ್ತು, ಸಾಲ ತೀರಿದರೆ ಒರೆಸಿ ಆ ಜಾಗವನ್ನು ಮತ್ತೆ ಬಳಸಬಹುದು. ಮಠಕ್ಕೆ, ಶಾನುಭೋಗನಿಗೆ ಬಾಳಿಕೆ ಬೇಕಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿ ಉಳಿದಿರುವುದು ಆ ಬಾಳಿಕೆಯಿಂದಲೇ. ಮಲೆನಾಡಿನ ಮಳೆಗೆ ಕಾಗದ ಬೂಸ್ಟು ಹಿಡಿಯುತ್ತದೆ, ಹುಳು ತಿನ್ನುತ್ತದೆ. ಇದ್ದಿಲು ಬಳಿದ ಬಟ್ಟೆ ಹೊಗೆ ಅಟ್ಟದ ಮೇಲೆ ತಲೆಮಾರುಗಳನ್ನು ದಾಟುತ್ತದೆ.

ಆದರೆ ಆ ಅಟ್ಟ ಯಾರ ಮನೆಯದು? ಶಾಸನಗಳಲ್ಲಿ ‘ಸೇನಬೋವ’ ಎಂದು ಬರುವ ಬರವಣಿಗೆಯ ಅಧಿಕಾರಿಯೇ ಮುಂದೆ ಶಾನುಭೋಗನಾದ. ಕೆಲಸ ವಂಶಪಾರಂಪರ್ಯವಾಯಿತು. ಲೆಕ್ಕ ಕಲಿಯುವ ತರಗತಿಯೆಂದರೆ ಮನೆಯ ಜಗುಲಿ, ಗುರುವೆಂದರೆ ಅಪ್ಪ ಅಥವಾ ದೊಡ್ಡಪ್ಪ. ಊರಿನ ಜಮೀನು, ಕಂದಾಯ, ಬಾಕಿ ಎಲ್ಲವೂ ಇದ್ದ ಪುಸ್ತಕ ಊರಿನದಾದರೂ ಇದ್ದದ್ದು ಒಬ್ಬರ ಮನೆಯಲ್ಲಿ. ಉತ್ತರ ಕರ್ನಾಟಕದ ಹಲವೆಡೆ ಲೆಕ್ಕವನ್ನು ಮೋಡಿ ಲಿಪಿಯ ಮರಾಠಿಯಲ್ಲಿ ಬರೆಯುತ್ತಿದ್ದರು. ಉಳುವವನಿಗೆ ಆ ಬರಹ ಗೆರೆಗಳ ಗೋಜಲು. ತನ್ನ ಹೆಸರಿನ ಮುಂದೆ ಏನಿದೆ ಎಂದು ಓದಲಾರದವನು, ಏನನ್ನು ಒರೆಸಿದ್ದಾರೆ ಎಂದು ಕೇಳುವುದಾದರೂ ಹೇಗೆ?

ಎಲ್ಲ ಶಾನುಭೋಗರೂ ಮೋಸಗಾರರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ನಾನು ನೋಡಿದ ಲೆಕ್ಕಗಳಲ್ಲಿ ಬಹುಪಾಲು ಶ್ರದ್ಧೆಯ ಕೆಲಸ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಿನ ಅಧಿಕಾರಿಗಳು ತಪಾಸಣೆ ಮಾಡುತ್ತಿದ್ದರು. ಪಟೇಲ ಎಂಬ ಇನ್ನೊಂದು ಕಣ್ಣಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಕ್ಷರ ಯಾರದೆಂದು ಊರಿನ ನಾಲ್ಕು ಜನಕ್ಕಾದರೂ ಗೊತ್ತಿರುತ್ತಿತ್ತು. ಆದರೂ ಬರೆಯುವುದು, ಇಟ್ಟುಕೊಳ್ಳುವುದು, ಅಳಿಸುವುದು ಈ ಮೂರೂ ಒಂದೇ ಮನೆಯಲ್ಲಿದ್ದವು ಎಂಬುದು ಉಳಿದೇ ಉಳಿಯುತ್ತದೆ. 1961ರಲ್ಲಿ ಮೈಸೂರು ರಾಜ್ಯ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯನ್ನು ತಂದಿತು, 1963ರಲ್ಲಿ ಅದು ಜಾರಿಯಾಯಿತು. ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಮನೆಯಿಂದ ಕಚೇರಿಗೆ ಹೋಯಿತು. ಹಳ್ಳಿಗಳಲ್ಲಿ ಆಗ ಏನು ಬದಲಾಯಿತು ಎಂದು ಹಿರಿಯರನ್ನು ಕೇಳಿದಾಗ ಒಬ್ಬರು, “ಮೊದ್ಲು ಶಾನುಭೋಗ್ರ ಮನೆ ಬಾಗ್ಲಲ್ಲಿ ಕಾಯ್ತಿದ್ವಿ, ಆಮೇಲೆ ಕಚೇರಿ ಬಾಗ್ಲಲ್ಲಿ” ಎಂದರು.

*

ಅಳಿಸುವ ಅಧಿಕಾರ ಒಬ್ಬರ ಕೈಯಲ್ಲೇ ಇರಬಾರದು ಎಂಬ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ರಾಜಭಂಡಾರದಲ್ಲಿ ನೂರಾರು ವರ್ಷ ಲೆಕ್ಕಕ್ಕೆ ಮರದ ಕಡ್ಡಿ ಬಳಸುತ್ತಿದ್ದರು. ಕಡ್ಡಿಯ ಮೇಲೆ ಮೊತ್ತಕ್ಕೆ ತಕ್ಕ ಕಚ್ಚು ಹಾಕಿ, ಉದ್ದಕ್ಕೆ ಸೀಳಿ, ಒಂದು ಹೋಳು ಕೊಟ್ಟವನಿಗೆ, ಇನ್ನೊಂದು ಪಡೆದವನಿಗೆ. ಲೆಕ್ಕ ನೋಡುವ ದಿನ ಎರಡು ಹೋಳನ್ನೂ ಜೋಡಿಸಬೇಕು, ಕಚ್ಚುಗಳು ಒಂದಕ್ಕೊಂದು ಕೂಡಬೇಕು. ಒಬ್ಬನೇ ಗುಟ್ಟಾಗಿ ಒಂದು ಕಚ್ಚು ಹೆಚ್ಚು ಮಾಡಿದರೆ ಇನ್ನೊಂದು ಹೋಳು ಸಾಕ್ಷಿ ಹೇಳುತ್ತದೆ. ಈ ಕಡ್ಡಿಯ ಹೆಸರೇ ಟ್ಯಾಲಿ. ಓದು ಬರಹ ಬಾರದವನಿಗೂ ತನ್ನ ಹೋಳು ಅರ್ಥವಾಗುತ್ತಿತ್ತು ಎಂಬುದು ಅದರ ದೊಡ್ಡಗುಣ. ಬಳಕೆ ನಿಂತ ಮೇಲೆ, 1834ರ ಅಕ್ಟೋಬರಿನಲ್ಲಿ, ರಾಶಿ ಬಿದ್ದಿದ್ದ ಹಳೆಯ ಕಡ್ಡಿಗಳನ್ನು ಒಲೆಗೆ ಹಾಕಿ ಸುಡಲು ಹೋಗಿ ಬ್ರಿಟಿಷ್ ಪಾರ್ಲಿಮೆಂಟ್ ಕಟ್ಟಡವೇ ಹೊತ್ತಿ ಉರಿಯಿತು.

ಇಟಲಿಯ ವ್ಯಾಪಾರದ ಊರುಗಳಲ್ಲಿ ದಾರಿ ಬೇರೆ. ಅಲ್ಲಿ ವ್ಯಾಪಾರಿಗಳ ಮಕ್ಕಳಿಗೆ ಲೆಕ್ಕ ಕಲಿಸುವ ಶಾಲೆಗಳಿದ್ದವು, ‘ಅಬಾಕೊ’ ಶಾಲೆಗಳೆಂದು ಹೆಸರು. ನಮ್ಮ ವಿಜಯನಗರದ ತರಗತಿಯ ಹಳೆಯ ನೆಂಟರೆಂದರೆ ಅವೇ. ಅಲ್ಲಿನ ಪಾಠ ಲ್ಯಾಟಿನ್ನಿನಲ್ಲಿ ಅಲ್ಲ, ಮನೆಮಾತಿನಲ್ಲಿ. ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ದೊಡ್ಡ ಗಣಿತ ಗ್ರಂಥದಲ್ಲಿ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದ್ದೂ ಆಡುಮಾತಿನಲ್ಲೇ. ಪದ್ಧತಿಯನ್ನು ಕಂಡುಹಿಡಿದವನು ಅವನಲ್ಲ, ಬಳಕೆಯಲ್ಲಿದ್ದದ್ದನ್ನು ಬರೆದವನು. ವ್ಯಾಪಾರಿ ತನ್ನ ಪುಸ್ತಕಗಳನ್ನು ಬರೆಯುವ ಮೊದಲೇ ಊರಿನ ಅಧಿಕಾರಿಯ ಮುಂದಿಟ್ಟು, ಯಾರ ಕೈಬರಹ ಇದರಲ್ಲಿ ಇರುತ್ತದೆ ಎಂದು ದಾಖಲಿಸಬೇಕೆಂದು ಅವನು ಸೂಚಿಸುತ್ತಾನೆ. ಬರೆಯುವ ಕೈ ಯಾರದು ಎಂದು ಮೊದಲೇ ಗೊತ್ತಿದ್ದರೆ ತಿದ್ದಿದ ಕೈ ಯಾರದೆಂದು ತಿಳಿಯುತ್ತದೆ.

ಮನೆಮಾತಿನಲ್ಲಿ ಲೆಕ್ಕ ಕಲಿಸುವ ವಿಷಯದಲ್ಲಿ ಕನ್ನಡ ಹಿಂದೆ ಬಿದ್ದಿರಲಿಲ್ಲ. ಪಾಚೋಲಿಗಿಂತ ಮುನ್ನೂರು ವರ್ಷ ಮುಂಚೆ, 12ನೆಯ ಶತಮಾನದಲ್ಲಿ, ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ಅಳತೆ, ತೂಕ, ಕೊಡು-ಕೊಳ್ಳುವಿಕೆಯ ಲೆಕ್ಕಗಳು ಅದರಲ್ಲಿವೆ. ನಮ್ಮ ಅಂಗಡಿಗಳಿಗೂ ಒಂದು ಪೂರ್ಣ ಪರಿಭಾಷೆ ಇತ್ತು: ದಿನದ ವ್ಯವಹಾರಕ್ಕೆ ಕಿರ್ದಿ, ಒಬ್ಬೊಬ್ಬರ ಹೆಸರಿನ ಪುಟಕ್ಕೆ ಖಾತೆ, ಕೈಯಲ್ಲಿ ಉಳಿದದ್ದಕ್ಕೆ ಶಿಲ್ಕು, ಎಲ್ಲಿಗೂ ಸೇರದ ಮೊತ್ತಕ್ಕೆ ಅನಾಮತ್ತು. ಎರಡು ಬದಿ ಕೂಡಿತೇ ಎಂದು ನೋಡುವುದಕ್ಕೆ ತಾಳೆ.

*

ನನ್ನ ಅಜ್ಜ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ರಜೆಯಲ್ಲಿ ನಾನು ಮಂಡಿಗೆ ಹೋದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅಂಕಿ ತಪ್ಪಾದರೆ ಅವರು ರಬ್ಬರ್ ಮುಟ್ಟುತ್ತಿರಲಿಲ್ಲ, ಗೀಚುತ್ತಲೂ ಇರಲಿಲ್ಲ. ತಪ್ಪಿನ ಮೇಲೆ ಒಂದೇ ಒಂದು ತೆಳು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕುತ್ತಿದ್ದರು. ಯಾಕಜ್ಜಾ ಎಂದರೆ, “ತಪ್ಪು ಕಾಣ್ಬೇಕು ಪುಟ್ಟಿ. ಕಾಣ್ದಿದ್ರೆ ರೈತ ಏನಂದ್ಕೋತಾನೆ?” ಎನ್ನುತ್ತಿದ್ದರು. ಅಡಿಕೆ ತಂದವರು ಮುಂಗಡ ಪಡೆದಿರುತ್ತಿದ್ದರು, ಬಾಕಿ ಇರುತ್ತಿತ್ತು, ಬಡ್ಡಿ ಇರುತ್ತಿತ್ತು. ಎದುರು ಕುಳಿತವನಿಗೆ ಪುಸ್ತಕವನ್ನು ತಿರುಗಿಸಿ ತೋರಿಸುವುದು ಅಜ್ಜನ ಅಭ್ಯಾಸ. ಅವನು ಆ ತೆಳು ಗೆರೆಯ ಕೆಳಗಿನ ಹಳೆಯ ಅಂಕಿಯನ್ನೂ ಓದಬಹುದಿತ್ತು.

ಅಜ್ಜ ಕಲಿತದ್ದು ಇನ್ನೊಬ್ಬ ಗುಮಾಸ್ತರ ಪಕ್ಕ ಕುಳಿತು. ನನ್ನ ಚಿಕ್ಕಮ್ಮನ ಕಾಲಕ್ಕೆ ಊರಿನ ಬಸ್‌ಸ್ಟ್ಯಾಂಡಿನ ಬಳಿಯ ಟೈಪಿಂಗ್-ಶಾರ್ಟ್‌ಹ್ಯಾಂಡ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಬಂದು, ಬೋರ್ಡಿನ ಮೇಲೆ ‘ಟ್ಯಾಲಿ’ ಎಂಬ ಪದ ಸೇರಿತ್ತು. ಈ ಟ್ಯಾಲಿ ಬೆಂಗಳೂರಿನದೇ ಕೂಸು. ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಕಂಪನಿ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಪ್ರತಿ ಖಾತೆಗೂ ಸಂಕೇತ ಸಂಖ್ಯೆ ನೆನಪಿಡುವ ಕಷ್ಟ ಅದರಲ್ಲಿ ಇರಲಿಲ್ಲ. ‘ರಾಮಣ್ಣ’ ಎಂದು ಬರೆದರೆ ರಾಮಣ್ಣನ ಖಾತೆಯೇ ತೆರೆಯುತ್ತಿತ್ತು. ಕಿರ್ದಿ-ಖಾತೆ ಬಲ್ಲ ಗುಮಾಸ್ತನಿಗೆ ಇದು ಪರಕೀಯ ಅನ್ನಿಸಲಿಲ್ಲ. ಸಣ್ಣ ಊರುಗಳಲ್ಲಿ ಅದು ಹಬ್ಬಿದ್ದರ ಗುಟ್ಟು ಅಲ್ಲಿದೆ ಎಂದು ನನಗನ್ನಿಸುತ್ತದೆ.

ಆ ತರಗತಿಗಳು ಮಾಡಿದ ಸಾಮಾಜಿಕ ಕೆಲಸವನ್ನು ನಮ್ಮ ಚರಿತ್ರೆಕಾರರು ಇನ್ನೂ ಸರಿಯಾಗಿ ಬರೆದಿಲ್ಲ. ಲೆಕ್ಕದ ವಿದ್ಯೆ ಕೆಲವು ಮನೆತನಗಳ ಜಗುಲಿಯಿಂದ ಇಳಿದು, ತಿಂಗಳ ಫೀಸು ಕಟ್ಟಬಲ್ಲ ಯಾರಿಗಾದರೂ ಸಿಗುವಂತಾಯಿತು. ಶಾನುಭೋಗಿಕೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಟ್ಯಾಲಿ ಕಲಿತ ನನ್ನ ಚಿಕ್ಕಮ್ಮ ಒಂದು ಗೊಬ್ಬರದ ಅಂಗಡಿಯ ಇಡೀ ಲೆಕ್ಕವನ್ನು ಹದಿನೈದು ವರ್ಷ ನೋಡಿಕೊಂಡರು. ಮಾಲೀಕರು ಊರಿನಲ್ಲಿ ಇಲ್ಲದಾಗ ಬ್ಯಾಂಕಿನವರು ಅವರನ್ನೇ ಕೇಳುತ್ತಿದ್ದರು.

ಟ್ಯಾಲಿ ಕಲಿತವರೆಲ್ಲರಿಗೂ ಒಂದು ವಿಚಿತ್ರ ನೆನಪಿರುತ್ತದೆ. ಕಲಿಕೆಗೆಂದೇ ಇರುವ ಉಚಿತ ಆವೃತ್ತಿಯಲ್ಲಿ ತಿಂಗಳಿನ 1, 2 ಮತ್ತು 31ನೆಯ ತಾರೀಕಿಗೆ ಮಾತ್ರ ನಮೂದು ಮಾಡಬಹುದು. ಹಾಗಾಗಿ ತರಗತಿಯ ಲೋಕದಲ್ಲಿ ಜನರು ತಿಂಗಳಿಗೆ ಮೂರೇ ದಿನ ಕೊಳ್ಳುತ್ತಾರೆ, ಮಾರುತ್ತಾರೆ, ಸಂಬಳ ಪಡೆಯುತ್ತಾರೆ. ಎಫ್5 ಪಾವತಿ, ಎಫ್6 ಸ್ವೀಕೃತಿ, ಎಫ್8 ಮಾರಾಟ, ಎಫ್9 ಖರೀದಿ ಎಂದು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರು. ಜೊತೆಗೆ ಆಲ್ಟ್ ಮತ್ತು ಡಿ. ಎರಡನ್ನೂ ಒಟ್ಟಿಗೆ ಒತ್ತಿ, ಹೌದು ಎಂದರೆ ನಮೂದು ಮಾಯ. ಅಜ್ಜನ ತೆಳು ಗೆರೆ ಇಲ್ಲ, ಸಹಿ ಇಲ್ಲ. ಕಡತದ ಒದ್ದೆ ಬಟ್ಟೆ ಕೀಲಿಮಣೆಗೆ ಬಂದಿತ್ತು. ಯಾರು ಏನು ತಿದ್ದಿದರೆಂದು ದಾಖಲಿಸುವ ಸೌಲಭ್ಯವನ್ನು ಬೇಕಾದವರು ಹಾಕಿಕೊಳ್ಳಬಹುದಿತ್ತು. ಚಿಕ್ಕಮ್ಮನನ್ನು ಕೇಳಿದೆ, ತರಗತಿಯಲ್ಲಿ ಅದನ್ನು ಹೇಳಿಕೊಟ್ಟಿದ್ದು ಅವರಿಗೆ ನೆನಪಿಲ್ಲ.

*

2005ರ ಏಪ್ರಿಲಿನಲ್ಲಿ ಕರ್ನಾಟಕಕ್ಕೆ ವ್ಯಾಟ್ ಬಂತು, 2017ರ ಜುಲೈ 1ರಂದು ಜಿಎಸ್‌ಟಿ ಬಂತು. ತೆರಿಗೆ ಬದಲಾದಾಗೆಲ್ಲ ತರಗತಿಗಳು ಮತ್ತೆ ತುಂಬಿಕೊಂಡವು. ಜಿಎಸ್‌ಟಿಯ ಗಣಕಜಾಲವನ್ನು ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಅದರೊಳಗೆ ಆ ಸೀಳಿದ ಕಡ್ಡಿ ಹೊಸ ರೂಪದಲ್ಲಿ ಕೂತಿರುವುದನ್ನು ನಾನು ಗಮನಿಸಿದ್ದು ತರಗತಿಯಲ್ಲೇ. ಮಾರಿದವನು ತನ್ನ ಬಿಲ್ಲುಗಳನ್ನು ಜಾಲದಲ್ಲಿ ದಾಖಲಿಸುತ್ತಾನೆ. ತಿಂಗಳ 14ನೆಯ ತಾರೀಕಿನ ಹೊತ್ತಿಗೆ ಕೊಂಡವನಿಗೆ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಕಾಣಿಸುತ್ತದೆ. ಕೊಂಡವನ ಪುಸ್ತಕ ಮತ್ತು ಆ ಪಟ್ಟಿ ತಾಳೆಯಾದರೆ, ಖರೀದಿಯಲ್ಲಿ ಕಟ್ಟಿದ ತೆರಿಗೆ ಅವನ ಲೆಕ್ಕಕ್ಕೆ ಜಮೆ. ಮಾರಿದವನು ದಾಖಲಿಸದಿದ್ದರೆ ಕೊಂಡವನ ಹೋಳಿಗೆ ಜೋಡಿಯಿಲ್ಲ, ಅವನು ನಿಜವಾಗಿ ಹಣ ಕೊಟ್ಟಿದ್ದರೂ. ಹಳೆಯ ಕಡ್ಡಿಯಲ್ಲಿ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಇಲ್ಲಿ ಸಣ್ಣ ವ್ಯಾಪಾರಿ ದೊಡ್ಡ ಸರಬರಾಜುದಾರನಿಗೆ ಫೋನ್ ಮಾಡಿ, “ಸಾರ್, ನಂದೊಂದು ಬಿಲ್ ಅಪ್‌ಲೋಡ್ ಮಾಡಿ ಸಾರ್” ಎಂದು ಅಂಗಲಾಚುತ್ತಾನೆ. ಎರಡು ಹೋಳು ಇದ್ದರಷ್ಟೇ ಸಮಾನತೆ ಬರುವುದಿಲ್ಲ.

ಇನ್ನು ನಮ್ಮ ಭಾನುವಾರದ ಪಾಠ. ಕ್ಲೌಡ್ ಎಂದರೆ ಆಕಾಶದಲ್ಲೇನೂ ಇಲ್ಲ. ಲೆಕ್ಕದ ಪುಸ್ತಕ ನಮ್ಮ ಕಂಪ್ಯೂಟರಿನಲ್ಲಿ ಇರದೆ ಕಂಪನಿಯೊಂದರ ಸರ್ವರಿನಲ್ಲಿ ಇರುತ್ತದೆ, ನಾವು ಬಾಡಿಗೆ ಕೊಟ್ಟು ಬ್ರೌಸರಿನಲ್ಲಿ ತೆರೆಯುತ್ತೇವೆ. 2006ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಝೀರೋ, ಅಮೆರಿಕದ ಇಂಟ್ಯೂಟ್‌ನ ಕ್ವಿಕ್‌ಬುಕ್ಸ್, ಚೆನ್ನೈ ಮೂಲದ ಝೋಹೋ ಬುಕ್ಸ್, ಇವೇ ನಮ್ಮ ಪಠ್ಯ. ಹೊರದೇಶದ ಸಣ್ಣ ವ್ಯಾಪಾರಗಳ ಲೆಕ್ಕವನ್ನು ಬೆಂಗಳೂರಿನಲ್ಲಿ ಕೂತು ಬರೆಯುವ ಕೆಲಸವೂ ಇರುವುದರಿಂದ ಝೀರೋ ಕಲಿತವರಿಗೆ ಬೇಡಿಕೆಯಿದೆ. ಮಂಡ್ಯದಿಂದ ಬಂದ ಹುಡುಗಿ ಆಸ್ಟ್ರೇಲಿಯಾದ ಪ್ಲಂಬರ್ ಒಬ್ಬನ ವ್ಯಾನಿನ ಪೆಟ್ರೋಲ್ ಖರ್ಚನ್ನು ಯಾವ ಖಾತೆಗೆ ಹಾಕಬೇಕೆಂದು ಕಲಿಯುತ್ತಾಳೆ. ಮೇಷ್ಟ್ರ ಮಾತು ಕನ್ನಡ, ಪರದೆಯ ಮಾತು ಇಂಗ್ಲಿಷ್.

ಪುಸ್ತಕ ಬೇರೆಯವರ ಮನೆಯಲ್ಲಿದ್ದರೆ ಏನಾಗಬಹುದು ಎಂಬುದಕ್ಕೂ ಈಗಾಗಲೇ ಚರಿತ್ರೆಯಿದೆ. ಬೆಂಗಳೂರಿನಲ್ಲಿ 2005ರಿಂದ ತನ್ನ ಕೇಂದ್ರವಿದ್ದೂ ಇಂಟ್ಯೂಟ್ 2023ರ ಆರಂಭದಲ್ಲಿ ಭಾರತದ ಗ್ರಾಹಕರಿಗೆ ಕ್ವಿಕ್‌ಬುಕ್ಸ್ ಕೊಡುವುದನ್ನು ನಿಲ್ಲಿಸಿತು. ಮೊದಲೇ ತಿಳಿಸಿತ್ತು, ನಿಜ. ಆದರೂ ಬಳಸುತ್ತಿದ್ದವರು ತಮ್ಮ ವರ್ಷಗಳ ಲೆಕ್ಕವನ್ನು ಗಂಟುಮೂಟೆ ಕಟ್ಟಿ ಬೇರೆ ಮನೆ ಹುಡುಕಬೇಕಾಯಿತು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಬಿಗಿ ಮಾಡಿ, ಕಂಪನಿಗಳ ಗಣಕ ಲೆಕ್ಕದ ಪ್ರತಿಯೊಂದು ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಉಳಿಯಬೇಕು ಎಂದಿತು. ಅಟ್ಟ ಯಾರ ಮನೆಯದು ಎಂಬ ಪ್ರಶ್ನೆ ಕಾನೂನಿನ ಭಾಷೆಯಲ್ಲಿ ಮರಳಿ ಬಂದಿತ್ತು.

ಮುಂದಿನ ವರ್ಷ ಅಳಿಸುವ ಪ್ರಶ್ನೆಯೂ ಬಂತು. 2023ರ ಏಪ್ರಿಲ್ 1ರಿಂದ, ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಿನಾಂಕದೊಂದಿಗೆ ದಾಖಲಾಗಬೇಕು, ಆ ದಾಖಲೆಯನ್ನು ಆರಿಸಿಡಲು ಬರಬಾರದು. ಆಡಿಟ್ ಟ್ರೇಲ್ ಎಂದು ಅದರ ಹೆಸರು. ಆ ನಿಯಮವನ್ನು ಓದಿದಾಗ ನನಗೆ ಅಜ್ಜನ ತೆಳು ಗೆರೆ ಕಾನೂನಾಗಿ ಬಂದಂತೆ ಅನ್ನಿಸಿ ಖುಷಿಯಾಗಿತ್ತು. ಪ್ರಬಂಧದ ಒಂದು ಅಧ್ಯಾಯವನ್ನು ಇದರಿಂದಲೇ ಮುಗಿಸಬೇಕೆಂದು ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಆ ಟಿಪ್ಪಣಿ ಹಾಗೆಯೇ ಉಳಿಯದಿರಲು ಮುಂದಿನ ಘಟನೆ ಕಾರಣ.

*

ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳು ನನಗಿಂತ ಆರು ವರ್ಷ ಚಿಕ್ಕವಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಮೇಷ್ಟ್ರ ಮೂಲಕ ನಮ್ಮಿಬ್ಬರಿಗೂ ಒಂದೇ ಕಡೆ ಕೆಲಸ ಸಿಕ್ಕಿತು. ಹತ್ತಾರು ಸಣ್ಣ ವ್ಯಾಪಾರಗಳ ಲೆಕ್ಕ ಬರೆದುಕೊಡುವ ಪುಟ್ಟ ಕಚೇರಿ ಅದು. ಅವಳಿಗೆ ಪೂರ್ಣಾವಧಿ, ನನಗೆ ವಾರಕ್ಕೆ ಮೂರು ಸಂಜೆ. ತಂತ್ರಾಂಶದಲ್ಲಿ ಒಬ್ಬೊಬ್ಬ ಬಳಕೆದಾರರಿಗೂ ಬೇರೆ ಬಾಡಿಗೆ. ಹಾಗಾಗಿ ಕಚೇರಿಯಲ್ಲಿ ಇದ್ದದ್ದು ಎರಡು ಲಾಗಿನ್, ಒಂದು ಮಾಲೀಕರದು, ಒಂದು ಅವಳ ಹೆಸರಿನದು. ಅವಳ ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಹಳದಿ ಚೀಟಿಯಲ್ಲಿ ಅಂಟಿಸಿದ್ದರು. ಅಲ್ಲಿದ್ದ ನಾಲ್ಕೂ ಜನ ಅದನ್ನೇ ಬಳಸುತ್ತಿದ್ದೆವು.

ಗ್ರಾಹಕರಲ್ಲಿ ಕೇಕ್ ಮಾಡಿ ಆನ್‌ಲೈನಿನಲ್ಲಿ ಮಾರುವವರೊಬ್ಬರು ಇದ್ದರು. ಅವರ ಮಾರಾಟ ಎರಡು ದಾರಿಯಿಂದ ಪುಸ್ತಕಕ್ಕೆ ತಾನಾಗಿ ಬರುವಂತೆ ಜೋಡಿಸಲಾಗಿತ್ತು. ಪಾವತಿ ಗೇಟ್‌ವೇ ಕಡೆಯಿಂದ ಒಂದು, ಬ್ಯಾಂಕಿನ ಕಡೆಯಿಂದ ಇನ್ನೊಂದು. ತರಗತಿಯ ‘ಇಂಟಿಗ್ರೇಷನ್’ ಪಾಠ ಇದೇ. ಗಿರಾಕಿ 1000 ರೂಪಾಯಿ ಕೊಟ್ಟರೆ, ಶೇ 2 ಶುಲ್ಕವೆಂದು 20 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿಯೆಂದು 3.60 ಹಿಡಿದುಕೊಂಡು ಬ್ಯಾಂಕಿಗೆ 976.40 ಬರುತ್ತದೆ. ಸರಿಯಾಗಿ ಮಾಡುವುದಾದರೆ ನಡುವೆ ಒಂದು ಅನಾಮತ್ತು ಖಾತೆ ಬೇಕು. ಮಾರಾಟ 1000 ಅಲ್ಲಿಗೆ ಹೋಗಬೇಕು, ಶುಲ್ಕ ಅಲ್ಲಿಂದ ಕಳೆಯಬೇಕು, ಬ್ಯಾಂಕಿನ ಹಣ ಅಲ್ಲಿಂದ ಬಂತೆಂದು ತೋರಿಸಬೇಕು, ಕೊನೆಗೆ ಆ ಖಾತೆಯಲ್ಲಿ ಸೊನ್ನೆ ಉಳಿಯಬೇಕು. ಇಲ್ಲಿ ಹಾಗೆ ಮಾಡಿರಲಿಲ್ಲ. ಗೇಟ್‌ವೇಯ 1000 ಒಂದು ಮಾರಾಟ, ಬ್ಯಾಂಕಿನ 976.40 ಇನ್ನೊಂದು ಮಾರಾಟ ಎಂದು ಒಂದೇ ಕೇಕ್ ಎರಡು ಸಲ ಮಾರಾಟವಾಗಿತ್ತು.

ಒಂದು ಶನಿವಾರ ಸಂಜೆ ನಾನು ಇದನ್ನು ಕಂಡುಹಿಡಿದೆ. ಜಾಣೆ ಎಂದುಕೊಂಡು ನಲವತ್ತಕ್ಕೂ ಹೆಚ್ಚು ನಮೂದುಗಳನ್ನು ಡಿಲೀಟ್ ಮಾಡಿದೆ. ಅವಸರದಲ್ಲಿ ಅಳಿಸಿದ್ದು ತಪ್ಪು ಬದಿಯವನ್ನು. ಉಳಿಯಬೇಕಿದ್ದ 1000 ಹೋಯಿತು, 976.40 ಉಳಿಯಿತು. ಮಾರಾಟ ಕಡಿಮೆ ತೋರಿ ಅದರ ಮೇಲಿನ ತೆರಿಗೆಯೂ ಕಡಿಮೆಯಾಯಿತು. ರಿಟರ್ನ್ ಸಲ್ಲಿಸುವ ಹೊತ್ತಿಗೆ ಅದು ಸಿಕ್ಕಿಬಿದ್ದಿತು. ಮಾಲೀಕರು ದಾಖಲೆ ತೆಗೆದು ನೋಡಿದರು. ಅದರಲ್ಲಿ ದಿನಾಂಕವಿತ್ತು, ನಿಮಿಷವಿತ್ತು, ಅಳಿಸಿದವರ ಹೆಸರಿತ್ತು. ಆ ಹೆಸರು ಅವಳದು.

ನಾನು ಆ ದಿನ ಗ್ರಂಥಾಲಯದಲ್ಲಿದ್ದೆ, ಫೋನ್ ಸೈಲೆಂಟ್‌ನಲ್ಲಿತ್ತು. ಸಂಜೆ ನೋಡಿದರೆ ಅವಳ ಏಳು ಕರೆ. ಮರುದಿನ ಹೋಗಿ, ಅಳಿಸಿದ್ದು ನಾನು ಎಂದು ಹೇಳಿದೆ. ಮಾಲೀಕರು ಸಿಟ್ಟಾಗಲಿಲ್ಲ. ತಾಳ್ಮೆಯಿಂದಲೇ, “ಸಿಸ್ಟಮ್‌ನಲ್ಲಿ ನಿಮ್ಮ ಹೆಸರೇ ಇಲ್ವಲ್ಲ ಮೇಡಂ. ಫ್ರೆಂಡ್‌ಶಿಪ್‌ಗೋಸ್ಕರ ಹೇಳ್ತಿದ್ದೀರಿ” ಅಂದರು. ಸಾಬೀತು ಮಾಡಲು ನನ್ನ ಬಳಿ ಏನೂ ಇರಲಿಲ್ಲ. ಕೈಬರಹವಿದ್ದಿದ್ದರೆ ತೋರಿಸಬಹುದಿತ್ತು. ಆ ತಿಂಗಳ ಕೊನೆಗೆ ಅವಳು ಕೆಲಸ ಬಿಡಬೇಕಾಯಿತು. ನಾನೂ ಬಿಟ್ಟೆ. ನಾನು ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಅಷ್ಟರಲ್ಲಿ ನನಗೆ ಫೆಲೋಶಿಪ್ ಹಣ ಬಂದಿತ್ತು.

ಇದನ್ನು ತಂತ್ರಾಂಶದ ತಪ್ಪು ಎಂದು ಹೇಳಲಾರೆ, ಅದು ತನಗೆ ಗೊತ್ತಿದ್ದುದನ್ನು ಸರಿಯಾಗಿಯೇ ಬರೆದಿತ್ತು. ಹಳೆಯ ಕಡತದಲ್ಲಿ ಅಳಿಸಿದ ಕೈ ಯಾರದೆಂದು ಪುಸ್ತಕ ಹೇಳುತ್ತಿರಲಿಲ್ಲ, ಊರು ಹೇಳುತ್ತಿತ್ತು. ಇಲ್ಲಿ ಪುಸ್ತಕ ಹೇಳುತ್ತದೆ, ಆದ್ದರಿಂದ ಮನುಷ್ಯರ ಮಾತು ಬೇಕಾಗುವುದಿಲ್ಲ. ಕಾನೂನು ಅಳಿಸುವುದನ್ನು ಕಷ್ಟ ಮಾಡಿತು, ಸರಿ. ಆದರೆ ಅಳಿಸಿದವರ ಹೆಸರು ಬೀಳುವ ಜಾಗದಲ್ಲಿ ಯಾರ ಹೆಸರಿರಬೇಕೆಂದು ನಿರ್ಧರಿಸಿದ್ದು ತಿಂಗಳ ಬಾಡಿಗೆ ಉಳಿಸುವ ಲೆಕ್ಕಾಚಾರ. ಕಚೇರಿಯಲ್ಲಿ ಅತ್ಯಂತ ಕಿರಿಯಳ ಹೆಸರು ಅಲ್ಲಿ ಬಿತ್ತು. ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದಾಗ, ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ವ್ಯವಸ್ಥೆ ಮಾಡಿದ್ದರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಬಹುದು, ಬೆರಳನ್ನು ಅಂಟಿಸಲಾಗದು. ಆ ಎಚ್ಚರದ ಹಿಂದೆ ಎಷ್ಟು ಹಳೆಯ ಅನುಭವವಿತ್ತು ಎಂಬುದು ನನಗೆ ಅರ್ಥವಾದದ್ದು ಈ ಘಟನೆಯ ನಂತರ.

ಅವಳು ಈಗ ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಾಳೆ. ಸಂಬಳ ಬೆಂಗಳೂರಿನದಕ್ಕಿಂತ ಕಡಿಮೆ. ಕೆಲವು ತಿಂಗಳ ನಂತರ ಫೋನಿನಲ್ಲಿ ಮತ್ತೆ ಕ್ಷಮೆ ಕೇಳಿದಾಗ ನಕ್ಕಳು. “ಬಿಡಿ ಅಕ್ಕಾ. ಇಲ್ಲಿ ಇರೋದು ನಾನೊಬ್ಳೇ. ಹಾಕಿದ್ರೂ ನಾನೇ, ಅಳಿಸಿದ್ರೂ ನಾನೇ.”

ವಿಜಯನಗರದ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸ ಬ್ಯಾಚಿಗೆ ಒಂದು ಗಂಟೆ ನೀವೇ ಬಂದು ಹೇಳಿ ಎಂದರು. ಈಗ ತಿಂಗಳಿಗೊಂದು ಭಾನುವಾರ ಹೋಗುತ್ತೇನೆ. ಕಡತದ ಒಂದು ಫೋಟೋ ತೋರಿಸುತ್ತೇನೆ. ಆಮೇಲೆ ಪ್ರತಿಯೊಬ್ಬರೂ ಅಭ್ಯಾಸದ ಕಂಪನಿಯಲ್ಲಿ ತಮ್ಮ ಹೆಸರಿನದೇ ಲಾಗಿನ್ ಮಾಡಿಕೊಳ್ಳಬೇಕು, ಒಂದು ತಪ್ಪು ನಮೂದು ಹಾಕಬೇಕು, ಅದನ್ನು ಡಿಲೀಟ್ ಮಾಡದೆ ಎದುರು ನಮೂದಿನಿಂದ ಸರಿಪಡಿಸಿ, ಯಾಕೆಂದು ಒಂದು ಸಾಲು ಬರೆಯಬೇಕು. ಕೊನೆಗೆ ಬದಲಾವಣೆಯ ದಾಖಲೆ ತೆರೆದು ತಮ್ಮ ಹೆಸರನ್ನು ತಾವೇ ಓದಬೇಕು.

ಹೋದ ತಿಂಗಳು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, “ಕೆಲಸಕ್ಕೆ ಸೇರಿದ ಕಡೆ ಬೇರೆ ಲಾಗಿನ್ ಕೊಡದೇ ಇದ್ರೆ ಏನ್ ಮಾಡೋದು ಅಕ್ಕಾ?” ಎಂದು ಕೇಳಿದಳು. ಒಂದು ನೋಟ್‌ಬುಕ್ ಇಟ್ಟುಕೋ, ಅಳಿಸಿದ್ದನ್ನೆಲ್ಲ ದಿನಾಂಕ ಹಾಕಿ ಅದರಲ್ಲಿ ಬರೆದು ಸಹಿ ಹಾಕು, ಮನೆಗೆ ಹೋಗುವ ಮುಂಚೆ ಪಕ್ಕದವರ ಸಹಿಯನ್ನೂ ಹಾಕಿಸು ಎಂದೆ. ಎರಡು ಸಾಲು ಹಿಂದಿನವರು ಯಾರೋ ನಕ್ಕರು. ಅವಳು ನಗಲಿಲ್ಲ, ಬರೆದುಕೊಂಡಳು.